ಫೈಲಿಲ್ಲದ ತೋದ್ರಿ

ತೋದ್ರಿಯ ಬಾಯಿ ಆ ಭಾನುವಾರ ಸುಮ್ಮನೆ ಅಗಿಯುತ್ತಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಅಗಿಯುವುದಕ್ಕೆ ಬೇಕಾದಷ್ಟಿತ್ತು, ಶ್ಕೋದ್ರ ಊರಿನ ಬೀಗರು ತಮ್ಮ ಮನೆಯಲ್ಲಿ ಪಾಲಕ್ ತುಂಬಿದ ಬ್ಯುರೆಕ್ ಕಡುಬನ್ನು ತಟ್ಟೆ ತುಂಬ ಬಡಿಸಿದ್ದರು. ಮಗಳ ಸಂಬಂಧದ ಮಾತು ನಡೆಯುತ್ತಿತ್ತು. ಬೀಗನಾಗಲಿದ್ದ ಮುದುಕ ಗಾಸ್ಪರ್, ತಾನು ಎಂಟು ವರ್ಷ ತಾಮ್ರದ ಗಣಿಯ ಸೆರೆಮನೆಯಲ್ಲಿ ಕಳೆದದ್ದನ್ನು, ಎರಡೂ ಕಣ್ಣುಗಳನ್ನು ಅಲ್ಲೇ ಕಳೆದುಕೊಂಡದ್ದನ್ನು, ಬಸ್ಸಿನ ಹೊತ್ತು ಹೇಳುವಷ್ಟೇ ತಣ್ಣಗೆ ಹೇಳಿ ಮುಗಿಸಿದ. ಎಲ್ಲರೂ ತಲೆ ತಗ್ಗಿಸಿ ಕೂತರು. ಆ ಮೌನವನ್ನು ತೋದ್ರಿಯಿಂದ ತಡೆದುಕೊಳ್ಳಲಾಗಲಿಲ್ಲ. "ನಮ್ಮದೂ ಒಂದು ಫೈಲ್ ಇದೆ ಬೀಗರೇ, ಇಷ್ಟು ದಪ್ಪ" ಎಂದು ಕುರುಡನ ಮುಂದೆ ಬೆರಳಗಲಿಸಿ ಅಳತೆ ತೋರಿಸಿಬಿಟ್ಟ.

ಅವನ ಹೆಸರಲ್ಲಿ ಫೈಲು ಇರಲಿಲ್ಲ. ತೆಳ್ಳನೆಯದೂ ಇರಲಿಲ್ಲ.

ಹಳೇ ಸರ್ಕಾರ ಯಾರ ಮನೆಯ ಗೋಡೆಗೆ ಕಿವಿ ಇಟ್ಟಿತ್ತೋ ಅವರ ಹೆಸರಲ್ಲೆಲ್ಲ ಒಂದೊಂದು ಫೈಲು ಇಟ್ಟಿತ್ತು. ಸರ್ಕಾರ ಬಿದ್ದು ಎಷ್ಟೋ ವರ್ಷಗಳಾದ ಮೇಲೆ, ಅರ್ಜಿ ಹಾಕಿದವರಿಗೆ ಅವರವರ ಫೈಲಿನ ನಕಲು ಕೊಡತೊಡಗಿದರು. ಆಮೇಲೆ ನಮ್ಮ ರಾಜಧಾನಿ ತಿರಾನಾದಲ್ಲಿ ಮನುಷ್ಯರ ತೂಕ ಬೇರೆಯೇ ಆಯಿತು. ತೋದ್ರಿ ಇದ್ದ ಐದು ಮಹಡಿಯ ಇಟ್ಟಿಗೆ ಕಟ್ಟಡದಲ್ಲಿ ಎರಡನೇ ಮಹಡಿಯ ಹೈರಿಯೆ ತನ್ನ ನಾನೂರ ಹನ್ನೆರಡು ಪುಟಕ್ಕೆ ಚರ್ಮದ ರಟ್ಟು ಹಾಕಿಸಿ, ಬಂದವರಿಗೆ ಕಾಫಿಯ ಜೊತೆ ತೋರಿಸುತ್ತಿದ್ದಳು. ಅರವತ್ತು ಪುಟದವರು ಅವಳಿಗೆ ಮೆಟ್ಟಿಲಲ್ಲಿ ದಾರಿ ಬಿಡುತ್ತಿದ್ದರು. ತೋದ್ರಿಯೂ ಅರ್ಜಿ ಹಾಕಿದ. ಈ ಹೆಸರಿನಲ್ಲಿ ಯಾವ ಫೈಲೂ ಇಲ್ಲ ಎಂದು ಒಂದು ಸಾಲಿನ ಉತ್ತರ ಬಂತು.

ಪಿಂಗಾಣಿ ಕಾರ್ಖಾನೆಯಲ್ಲಿ ತಟ್ಟೆಯ ಅಂಚಿಗೆ ನೀಲಿ ಹೂವು ಬರೆದುಕೊಂಡೇ ವಯಸ್ಸು ಕಳೆದವನು ಅವನು. ಇಡೀ ದೇಶವನ್ನು ಕದ್ದು ಕೇಳಿದವರು ತನ್ನ ಮನೆಯ ಬಾಗಿಲಿಗೆ ಮಾತ್ರ ಬರಲಿಲ್ಲ ಎಂಬುದು ಅವನಿಗೆ ನಿಜಕ್ಕೂ ನೋವು ತಂದಿತ್ತು. ನೋವಿಗಿಂತ ದೊಡ್ಡದು ಭಯ. ಫೈಲಿಲ್ಲದವನ ವಿಷಯದಲ್ಲಿ ಜನ ಒಂದೇ ಲೆಕ್ಕ ಹಾಕುತ್ತಾರೆ: ಇವನ ಮಾತನ್ನು ಯಾರೂ ಕದ್ದು ಕೇಳಲಿಲ್ಲ ಅಂದರೆ, ಕದ್ದು ಕೇಳಿದವನು ಇವನೇ. ಅದಕ್ಕೇ ಆ ಕಾಗದವನ್ನು ಹೆಂಡತಿ ಎವಾಂತಿಗೆ ಬಿಟ್ಟು ಬೇರೆ ಯಾರಿಗೂ ತೋರಿಸಿರಲಿಲ್ಲ.

ಶನಿವಾರ ಬೆಳಿಗ್ಗೆ ಎಂಟಕ್ಕೆ ಫೋನು ಬಂತು. ಮಾತಾಡಿದ್ದು ಗಾಸ್ಪರನ ಮಗ, ಮದುವೆಯ ಗಂಡು ಪಾಷ್ಕ್. ಅಪ್ಪ ರಾಜಧಾನಿಗೆ ಹೊರಟಿದ್ದಾರೆ, ಇತಿಹಾಸದ ಮ್ಯೂಸಿಯಂ, ಕದ್ದು ಕೇಳುವವರ ಮ್ಯೂಸಿಯಂ ಎರಡಕ್ಕೂ ಹೋಗಬೇಕಂತೆ, ನೀವೂ ಚೌಕಕ್ಕೆ ಬನ್ನಿ, ಐದು ಗಂಟೆಗೆ ನಿಮ್ಮ ಮನೆಯಲ್ಲಿ ಕಾಫಿ ಎಂದ. ಆಮೇಲೆ ಸ್ವಲ್ಪ ತಡವರಿಸಿ, ಕಾಫಿಗೆ ಮುಂಚೆ ನಿಮ್ಮ ಫೈಲನ್ನು ಅಪ್ಪನಿಗೆ ಓದಿ ಹೇಳಬೇಕಂತೆ, ಬೇಜಾರು ಮಾಡಿಕೊಳ್ಳಬೇಡಿ ಎಂದ.

ಬೇಜಾರು ಮಾಡಿಕೊಳ್ಳುವ ಹಾಗೂ ಇರಲಿಲ್ಲ. ನಮ್ಮಲ್ಲಿ ಹಿಂದಿನಿಂದಲೂ ಮದುವೆಗೆ ಮೊದಲು ಕೇಳುವುದು ಮನೆತನದ 'ಬಯೋಗ್ರಫಿ'. ಆಗ ಮನೆಯಲ್ಲಿ ಒಬ್ಬ ಜೈಲಿಗೆ ಹೋಗಿದ್ದರೂ ಬಯೋಗ್ರಫಿ ಕೆಟ್ಟು ಹೆಣ್ಣು ಮನೆಯಲ್ಲೇ ಉಳಿಯುತ್ತಿದ್ದಳು. ಈಗ ಯಾರೂ ಹೋಗದಿದ್ದರೆ ಉಳಿಯುತ್ತಾಳೆ. ಬೀಗರು ಕಾಫಿ ಕುಡಿದರೆ ಸಂಬಂಧ ಗಟ್ಟಿ, ಬಟ್ಟಲು ಮುಟ್ಟದೆ ಎದ್ದರೆ ಮುಗಿಯಿತು.

ಮಗಳು ಯೊನೀದಾಗೆ ಮೂವತ್ತೊಂದು. ಔಷಧಿ ಅಂಗಡಿಯಲ್ಲಿ ಕೆಲಸ. ಹಿಂದೆ ಬಂದಿದ್ದ ಎರಡು ಸಂಬಂಧಗಳೂ ತೋದ್ರಿಯ ಬಾಯಿಂದಲೇ ಮುರಿದಿದ್ದವು. ಈ ಪಾಷ್ಕ್ ಅವಳೇ ಕಂಡು ಮೆಚ್ಚಿದ ಹುಡುಗ. ಅವಳು ಕೂದಲು ಬಾಚುತ್ತ ಕನ್ನಡಿಯೊಳಗಿಂದಲೇ ಅಪ್ಪನನ್ನು ನೋಡಿ ಹೇಳಿದಳು: "ಅಪ್ಪಾ, ಇವನು ನನಗೆ ಬೇಕು. ಇವತ್ತೊಂದು ದಿನ ನೀನು ಬರೆಯೋ ತಟ್ಟೆ ಥರ ಇದ್ದುಬಿಡು. ಚೆಂದಕ್ಕಿರು, ಸದ್ದು ಮಾಡಬೇಡ."

ಎವಾಂತಿಗೆ ಒಂದು ಉಪಾಯ ಹೊಳೆಯಿತು. ಹೈರಿಯೆಯ ಫೈಲನ್ನು ಒಂದು ದಿನದ ಮಟ್ಟಿಗೆ ಎರವಲು ತರುವುದು, ಹೆಸರಿನ ಮೇಲೆ ಕಾಗದ ಅಂಟಿಸುವುದು. ಬೀಗರಿಗೆ ತೋರಿಸಲಿಕ್ಕೆ ಎಂದಷ್ಟೇ ಹೇಳಿ ಕೇಳಿದರೆ ಹೈರಿಯೆ ಸಂತೋಷವಾಗಿಯೇ ಕೊಟ್ಟಳು. ತನ್ನ ಫೈಲು ಇನ್ನೊಂದು ಊರಿನವರ ಕಿವಿಗೂ ಬೀಳುತ್ತದಲ್ಲ ಎಂದು. ಅಷ್ಟೇ ಅಲ್ಲ, ಫೈಲಿನ ಹಿಂದೆಯೇ ತಾನೂ ಮೇಲೆ ಬಂದು ಸೋಫಾ ಹಿಡಿದು ಕೂತಳು. ಎವಾಂತಿ ನಡುವಿನ ಒಂದು ಪುಟ ತೆರೆದು ಗಟ್ಟಿಯಾಗಿ ಓದಿದಳು. ನಿಗಾದಲ್ಲಿರುವ ವ್ಯಕ್ತಿ ಕೆಂಪು ಲಂಗ ಉಟ್ಟು ಹೊರಬಿದ್ದಳು, ಕೂದಲು ಕತ್ತರಿಸುವ ಅಂಗಡಿಯಲ್ಲಿ ಎರಡು ಗಂಟೆ ಕೂತಳು, ದಾರಿಯಲ್ಲಿ ಇಬ್ಬರು ಗಂಡಸರು ತಿರುಗಿ ನೋಡಿದರು ಎಂದಿತ್ತು.

"ಮೂವರು" ಎಂದು ಹೈರಿಯೆ ಸೋಫಾದಿಂದ ತಿದ್ದಿದಳು.

ಎವಾಂತಿ ಗಂಡನ ಬೋಳುತಲೆಯನ್ನೊಮ್ಮೆ ನೋಡಿ ಫೈಲು ಮುಚ್ಚಿಟ್ಟಳು.

ಆಗ ಸಾಬ್ರಿ ಬಂದ. ಬಾಗಿಲು ತಟ್ಟಿ ಬರುವ ಅಭ್ಯಾಸ ಅವನಿಗಿಲ್ಲ. ಎದುರು ಮನೆಯವನು, ಹೆಂಡತಿ ಇಲ್ಲದವನು. ಗಂಟಲಿನ ಆಪರೇಷನ್ ಮಾಡಿಸಿಕೊಂಡು ಎಂಟು ವರ್ಷದ ಹಿಂದೆ ಈ ಕಟ್ಟಡಕ್ಕೆ ಬಂದಿದ್ದ. ಕೆಟ್ಟ ಬೀಗ, ಸೋರುವ ಕೊಳಾಯಿ, ಗಂಡ ಹೆಂಡಿರ ಜಗಳ ಎಲ್ಲದಕ್ಕೂ ಅವನೇ ಬೇಕು. ದನಿ ಮಾತ್ರ ಹೋಗಿಬಿಟ್ಟಿತ್ತು. ಮಾತಾಡಿದರೆ ಮರಳುಕಾಗದದಲ್ಲಿ ಹಲಗೆ ಉಜ್ಜಿದ ಹಾಗೆ ಕೇಳಿಸುತ್ತಿತ್ತು. ಎವಾಂತಿ ತಡೆಯಲಾರದೆ ಅವನ ಮುಂದೆ ಎಲ್ಲ ಹೇಳಿಕೊಂಡಳು. ಹೈರಿಯೆಯ ಕಿವಿಗೆ ಬೀಳದಿರಲೆಂದು ಅಡುಗೆಮನೆಗೆ ಕರೆದುಕೊಂಡು ಹೋಗಿ ಹೇಳಿದಳು, ಅಷ್ಟೇ.

ಬೀಗರು ಶ್ಕೋದ್ರದ ಯಾವ ಕಡೆಯವರು ಎಂದು ಸಾಬ್ರಿ ಕೇಳಿದ. ಸರೋವರದ ಕಡೆ ಎಂದಳು. ಹೆಸರು ಕೇಳಿದ, ಹೇಳಿದಳು. ಅವನು ಸ್ವಲ್ಪ ಹೊತ್ತು ಕಿಟಕಿಯಾಚೆ ನೋಡುತ್ತ ನಿಂತ. ಆಮೇಲೆ ತೋದ್ರಿಯನ್ನು ಕರೆದು ಭುಜದ ಮೇಲೆ ಕೈ ಹಾಕಿದ.

"ಫೈಲ್ ಸುಟ್ಟುಹೋಯ್ತು ಅನ್ನು. ಆಗ ಎಷ್ಟೋ ಸುಟ್ಟಿದಾರೆ, ಯಾರೂ ಕೇಳಲ್ಲ. ಟೇಪ್ ಒಂದು ಉಳ್ಕೊಂಡಿದೆ ಅನ್ನು. ಆ ಕದ್ದು ಕೇಳೋರ ಮ್ಯೂಸಿಯಂ, ಬಳ್ಳಿ ಮನೆ ಅಂತಾರಲ್ಲ, ಅಲ್ಲಿ ಮಹಡಿ ಮೇಲೆ ಗೋಡೆಗೆ ನಾಲ್ಕು ಹೆಡ್‌ಫೋನ್ ನೇತುಹಾಕಿದಾರೆ. ಮೂರನೇದು ತಗೋ. ಹೆಸರಿಲ್ಲ, ಊರಿಲ್ಲ. ಇಬ್ರು ಮಾತಾಡ್ತಾರೆ. ಜೋರಾಗಿ ಮಾತಾಡೋನು ನಾನೇ ಅಂತ ಹೇಳ್ಬಿಡು."

"ನನ್ನ ದನಿ ಅಲ್ವಲ್ಲೋ ಅದು."

"ನಲವತ್ತು ವರ್ಷದ ಮೇಲೆ ಯಾರ ದನಿ ಯಾರದು ಮಾರಾಯ" ಎಂದ ಸಾಬ್ರಿ.

ತೋದ್ರಿಗೆ ಹೋದ ಜೀವ ಬಂದಂತಾಯಿತು. ನೆರೆಯವರು ಅಂದರೆ ಹೀಗಿರಬೇಕು ಎಂದು ಹೆಂಡತಿಯ ಹತ್ತಿರ ಎರಡು ಸಲ ಹೇಳಿ, ಕೋಟು ಹಾಕಿಕೊಂಡು ಮಗಳ ಜೊತೆ ಹೊರಟ.

ದೊಡ್ಡ ಚೌಕದಲ್ಲಿ ಬೀಗರು ಕಾಯುತ್ತಿದ್ದರು. ಗಾಸ್ಪರ್ ಕಪ್ಪು ಕೋಟಿನ ಗುಂಡಿಗಳನ್ನೆಲ್ಲ ಹಾಕಿಕೊಂಡು, ಕೋಲು ಊರಿ, ಇತಿಹಾಸದ ಮ್ಯೂಸಿಯಮಿನ ಕಡೆ ಮುಖ ಮಾಡಿ ನೆಟ್ಟಗೆ ನಿಂತಿದ್ದ. ಮೇಲೆ ಗೋಡೆಯ ತುಂಬ ಇರುವ ಚಿತ್ರದಲ್ಲಿ ಯಾರ್ಯಾರಿದ್ದಾರೆ ಎಂದು ತೋದ್ರಿಯನ್ನು ಕೇಳಿದ. ದಿನಾ ಅದರ ಕೆಳಗೇ ಓಡಾಡುವ ತೋದ್ರಿ ಅದನ್ನು ಎಂದೂ ನೆಟ್ಟಗೆ ನೋಡಿರಲಿಲ್ಲ. ನಡುವೆ ಒಬ್ಬ ಹೆಂಗಸು, ಕೈಯಲ್ಲಿ ಬಂದೂಕು, ಸುತ್ತ ಬಹಳ ಜನ ಎಂದ. ಅವರೆಲ್ಲ ಎತ್ತ ನೋಡುತ್ತಿದ್ದಾರೆ ಎಂದು ಗಾಸ್ಪರ್ ಕೇಳಿದ. ನಮ್ಮ ಕಡೆಗೇ ಎಂದು ತೋದ್ರಿ ಹೇಳಿದ. ಹೇಳಿದ ಮೇಲೆ ಅವನಿಗೇ ಒಂಥರಾ ಆಯಿತು.

ಒಳಗೆ ಜನವೇ ಇರಲಿಲ್ಲ. ಪ್ರತಿ ಕೋಣೆಯಲ್ಲೂ ಒಬ್ಬೊಬ್ಬ ವಯಸ್ಸಾದ ಹೆಂಗಸು ಕುರ್ಚಿ ಹಾಕಿಕೊಂಡು ಕತ್ತಲಲ್ಲಿ ಕೂತಿದ್ದಳು. ಇವರು ಹೊಸ್ತಿಲು ದಾಟಿದರೆ ಎದ್ದು ದೀಪ ಹಾಕುವಳು. ಮುಂದಿನ ಕೋಣೆಗೆ ಹೋದರೆ ಹಿಂದಿನಿಂದ ಆರಿಸುವಳು. ಈಟಿ, ಶಿರಸ್ತ್ರಾಣ, ರಾಜಮುದ್ರೆ, ತಲೆಯಿಲ್ಲದ ಅಮೃತಶಿಲೆಯ ದೇವತೆಗಳು ಬೆಳಕಿಗೆ ಬಂದು ಮತ್ತೆ ಕತ್ತಲಿಗೆ ಹೋದವು. ಯೊನೀದಾ, ಪಾಷ್ಕ್ ಇಬ್ಬರೂ ಹಿಂದೆ ಕೈ ಹಿಡಿದುಕೊಂಡು ಬರುತ್ತಿದ್ದರು.

"ನಮ್ಮ ಹಿಂದೇನೇ ಯಾರೋ ಬರ್ತಿದಾರೆ" ಎಂದ ಗಾಸ್ಪರ್.

"ದೀಪ ಆರಿಸೋರು ಬೀಗರೇ. ಕರೆಂಟ್ ಉಳಿಸ್ತಾರೆ."

"ಅಲ್ಲ. ಅವರ ಹಿಂದೆ."

ತೋದ್ರಿ ತಿರುಗಿ ನೋಡಿದ. ಮಕ್ಕಳಿಬ್ಬರ ಆಚೆ ಮೂರು ಕೋಣೆ ಹಿಂದಿನವರೆಗೂ ಕತ್ತಲು ಬಿಟ್ಟರೆ ಏನೂ ಇರಲಿಲ್ಲ. ನೋಡುತ್ತ ಹಿಂದಕ್ಕೆ ಹೆಜ್ಜೆ ಇಟ್ಟವನು ಹಗ್ಗ ಕಟ್ಟಿದ ಹಿತ್ತಾಳೆಯ ಕಂಬವೊಂದನ್ನು ಬೀಳಿಸಿದ. ಅದು ಪಕ್ಕದ್ದನ್ನು ಬೀಳಿಸಿತು, ಅದು ಅದರ ಪಕ್ಕದ್ದನ್ನು. ಸದ್ದು ಕೋಣೆಯಿಂದ ಕೋಣೆಗೆ ಉರುಳಿ ಹೋಗಿ, ಬಹಳ ಹೊತ್ತಾದ ಮೇಲೆ ಎಲ್ಲಿಂದಲೋ ತಿರುಗಿ ಬಂತು. ಸದ್ದು ಮಾಡಬೇಡ ಎಂದಿದ್ದ ಮಗಳ ಮುಖ ನೋಡುವ ಧೈರ್ಯ ಅವನಿಗೆ ಬರಲಿಲ್ಲ.

ಕೊನೆಗೆ ಸತ್ತವರ ಹೆಸರುಗಳ ಕೋಣೆ. ಪಾಷ್ಕ್ ಗೋಡೆಯ ಮೇಲಿನ ಹೆಸರುಗಳನ್ನು ಒಂದೊಂದಾಗಿ ಓದಿದ. ಗಾಸ್ಪರ್ ಗೊತ್ತಿದ್ದವರ ಹೆಸರು ಬಂದಾಗ ಮಾತ್ರ ಕೋಲನ್ನು ಒಮ್ಮೆ ನೆಲಕ್ಕೆ ಕುಟ್ಟುತ್ತಿದ್ದ. ತೋದ್ರಿ ಎಣಿಸಿದ, ಹನ್ನೊಂದು ಸಲ ಕುಟ್ಟಿದ. ತಟ್ಟೆಗೆ ಹೂವು ಬರೆದುಕೊಂಡಿದ್ದ ತನ್ನ ಬದುಕು ಅವನಿಗೆ ಅಲ್ಲಿ ತೀರ ನಾಚಿಕೆಯದಾಗಿ ಕಂಡಿತು. ಬರೀ ಭಯಕ್ಕಲ್ಲ, ಆ ನಾಚಿಕೆಗೂ ಅವನು ಮುಂದಿನ ಸುಳ್ಳನ್ನು ಗಟ್ಟಿಮಾಡಿಕೊಂಡ.

ಬಳ್ಳಿ ಮನೆ ಚೌಕದಿಂದ ನಾಲ್ಕು ಹೆಜ್ಜೆ. ಎರಡು ಮಹಡಿಯ ಹಳೇ ಮನೆ, ಗೋಡೆಯ ತುಂಬ ಹಬ್ಬಿದ ಎಲೆ. ಒಂದು ಕಾಲಕ್ಕೆ ಆ ಬೀದಿಯಲ್ಲಿ ಜನ ಎದುರು ಬದಿಯ ಕಲ್ಲುಹಾಸು ಹಿಡಿದು ಹೋಗುತ್ತಿದ್ದರು. ತೋದ್ರಿಯ ಕಾಲುಗಳಿಗೆ ಇನ್ನೂ ಆ ಅಭ್ಯಾಸ ಬಿಟ್ಟಿರಲಿಲ್ಲ. ಬಾಗಿಲ ಹತ್ತಿರ ಬರುತ್ತಲೇ ಅವು ತಾವಾಗಿ ಆಚೆ ಬದಿಗೆ ಎಳೆದವು.

ಒಳಗೆ ಗಾಜಿನ ಪೆಟ್ಟಿಗೆಗಳಲ್ಲಿ ತಂತಿ, ಟೇಪಿನ ಸುರುಳಿ, ಗೋಡೆಯೊಳಗೆ ಬಚ್ಚಿಡುತ್ತಿದ್ದ ಬೆರಳುಗಾತ್ರದ ಮೈಕುಗಳು. ಒಂದು ಕೋಣೆಯನ್ನು ಆ ಕಾಲದ ಸಾಮಾನ್ಯ ಮನೆಯಂತೆ ಸಜ್ಜು ಮಾಡಿಟ್ಟಿದ್ದರು. ಸುಸ್ತಾಗಿದ್ದ ತೋದ್ರಿ ಆ ಸೋಫಾ ಮೇಲೆ ಕೂತೇಬಿಟ್ಟ. ನಾಲ್ಕು ಜನ ವಿದೇಶೀಯರು ಅವನನ್ನೂ ಪ್ರದರ್ಶನದ ಭಾಗವೆಂದುಕೊಂಡು ಫೋಟೋ ತೆಗೆದರು. ಗಾಸ್ಪರ್ ಮಾತ್ರ ಯಾವುದಕ್ಕೂ ನಿಲ್ಲದೆ, ಅಂಗೈಯನ್ನು ಗೋಡೆಗೆ ಸವರುತ್ತ ಒಂದೇ ಸಮನೆ ನಡೆದ. ಗೋಡೆ ಬೆಚ್ಚಗಿದೆ ಎಂದ. ತೋದ್ರಿಯೂ ಮುಟ್ಟಿ ನೋಡಿದ. ಅವನ ಕೈಗೆ ಅದು ಮಂಜಿನಂತೆ ತಣ್ಣಗಿತ್ತು.

ಮಹಡಿಯಲ್ಲಿ ಸಾಬ್ರಿ ಹೇಳಿದಂತೆಯೇ ನಾಲ್ಕು ಹೆಡ್‌ಫೋನುಗಳು ತೂಗುತ್ತಿದ್ದವು. ಮೂರನೆಯದರ ಕೆಳಗೆ 'ಒಬ್ಬ ನಾಗರಿಕನ ಅಡುಗೆಮನೆ' ಎಂದು ಮಾತ್ರ ಬರೆದಿತ್ತು. ತೋದ್ರಿ ಅದನ್ನು ಕಿವಿಗೆ ಹಾಕಿಕೊಂಡ. ಮೊದಲು ಏನೂ ಕೇಳಿಸಲಿಲ್ಲ. ಆಮೇಲೆ ಒಂದು ಕುರ್ಚಿ ಎಳೆದ ಸದ್ದು, ಲೋಟಕ್ಕೆ ಏನೋ ಸುರಿದ ಸದ್ದು. ಯಾರೋ ತನ್ನ ಕಿವಿಯ ಪಕ್ಕದಲ್ಲೇ ಉಸಿರಾಡಿದಂತಾಯಿತು.

ಒಬ್ಬ ಗಂಡಸು ಜೋರಾಗಿ ನಕ್ಕ. ತುಂಬು ದನಿ, ಕೇಳಿದರೆ ಮನಸ್ಸಿಗೆ ಹಿಡಿಸುವಂಥದ್ದು. ದೊಡ್ಡ ಮನುಷ್ಯರು ದಿನಾ ಕಿತ್ತಳೆ ತಿನ್ನುತ್ತಾರೆ, ನಮಗೆ ಸಿಪ್ಪೆಯ ವಾಸನೆಯೂ ಇಲ್ಲ, ಹೌದೋ ಅಲ್ಲವೋ ನೀನೇ ಹೇಳು ಎಂದ. ಇನ್ನೊಬ್ಬ ಸುಮ್ಮನಿದ್ದ. ಹೇಳಯ್ಯ, ಇಲ್ಲಿ ನಾವಿಬ್ಬರೇ ತಾನೇ ಎಂದ ಮೊದಲಿನವನು. ಬಹಳ ಹೊತ್ತಿನ ಮೇಲೆ ಇನ್ನೊಂದು ದನಿ, ಸಣ್ಣಗೆ, ಹೇಳಿತು: "ಇಟಲಿಯಲ್ಲಿ ಚಳಿಗಾಲದಲ್ಲೂ ಟೊಮೇಟೊ ಸಿಗುತ್ತಂತೆ." ಟೇಪು ಟಕ್ಕನೆ ನಿಂತು, ಮತ್ತೆ ಕುರ್ಚಿ ಎಳೆಯುವಲ್ಲಿಂದ ಶುರುವಾಯಿತು.

ತೋದ್ರಿಗೆ ಆ ಜೋರು ಮಾತಿನವನ ಮೇಲೆ ಅಭಿಮಾನವೇ ಬಂತು. ಆ ಕಾಲದಲ್ಲಿ ಹೀಗೆ ಮಾತಾಡುವ ಗಂಡಸೂ ಇದ್ದನಲ್ಲ. ಹೆಡ್‌ಫೋನ್ ತೆಗೆದು, ಎದೆಯ ಮೇಲೆ ಕೈ ಇಟ್ಟುಕೊಂಡು, ಫೈಲು ಸುಟ್ಟುಹೋದ ಕತೆಯನ್ನೂ ಟೇಪು ಉಳಿದ ಕತೆಯನ್ನೂ ಹೇಳಿ ಮುಗಿಸಿ, ಅದನ್ನು ಗಾಸ್ಪರನ ಕೈಗೆ ಕೊಟ್ಟ.

ಗಾಸ್ಪರ್ ಕೇಳಿದ. ಒಂದು ಸಲ ಮುಗಿಯಿತು, ತೆಗೆಯಲಿಲ್ಲ. ಎರಡನೇ ಸಲ, ಮೂರನೇ ಸಲ. ಅವನ ತುಟಿಗಳು ಟೇಪಿನ ಮಾತಿಗೆ ಸರಿಯಾಗಿ ಅಲುಗುತ್ತಿದ್ದವು. ಕೊನೆಗೆ ಹೆಡ್‌ಫೋನ್ ತೆಗೆದು, ತಡಕಾಡದೆ, ಇದ್ದ ಕೊಕ್ಕೆಗೇ ಸರಿಯಾಗಿ ತೂಗುಹಾಕಿದ.

"ಇದ್ರಲ್ಲಿ ನೀವು ಯಾರು?"

"ಜೋರಾಗಿ ಮಾತಾಡೋನು ಬೀಗರೇ. ಎದೆ ಮುಟ್ಟಿ ಹೇಳ್ತೀನಿ."

"ಟೊಮೇಟೊ ಅಂದೋನು ನಾನು" ಎಂದ ಗಾಸ್ಪರ್.

ಅಷ್ಟು ಹೇಳಿ ಅವನು ಮಗನ ತೋಳು ಹಿಡಿದು ಮೆಟ್ಟಿಲಿಳಿದ. ತೋದ್ರಿಗೆ ಅರ್ಥವಾಗಲು ಅಷ್ಟೂ ಮೆಟ್ಟಿಲು ಬೇಕಾದವು. ಆ ಕಾಲದಲ್ಲಿ ಅಷ್ಟು ಧೈರ್ಯವಾಗಿ ಮಾತಾಡುತ್ತಿದ್ದವರು, ಹಾಗೆ ಮಾತಾಡು ಎಂದು ಸರ್ಕಾರವೇ ಕಳಿಸಿದವರು ಮಾತ್ರ. ಉಳಿದವರು ಸುಮ್ಮನಿರುತ್ತಿದ್ದರು. ಸುಮ್ಮನಿದ್ದವನ ಬಾಯಿಂದ ಒಂದು ಟೊಮೇಟೊ ಹೊರಡಿಸಲು ಜೋರು ಮಾತಿನವನನ್ನು ಕಳಿಸುತ್ತಿದ್ದರು. ಇದನ್ನೆಲ್ಲ ಚೆನ್ನಾಗಿ ತಿಳಿದಿದ್ದ ವಯಸ್ಸಿನವನೇ ತೋದ್ರಿ, ಅಭಿಮಾನದಲ್ಲಿ ಮರೆತಿದ್ದ.

ಅಂಗಳದ ಮರದ ಕೆಳಗೆ ಗಾಸ್ಪರ್ ಬೆಂಚಿನ ಮೇಲೆ ಕೂತಿದ್ದ. ತೋದ್ರಿ ಓಡಿ ಬಂದು ಅದು ತಾನಲ್ಲವೇ ಅಲ್ಲ ಎಂದ. ತನಗೆ ಫೈಲೇ ಇಲ್ಲ ಎಂದ. ಜೀವಮಾನದಲ್ಲಿ ಶ್ಕೋದ್ರಕ್ಕೆ ಹೋದದ್ದು ಕಳೆದ ಭಾನುವಾರ ಮಾತ್ರ, ತಾನು ತಟ್ಟೆಗೆ ಹೂವು ಬರೆಯುವವನು ಎಂದ. ಹೇಳುತ್ತ ಹೋದಂತೆ ಅವನ ಕಿವಿಗೇ ಅದು ಸುಳ್ಳಿನಂತೆ ಕೇಳಿಸತೊಡಗಿತು.

ಗಾಸ್ಪರ್ ಪೂರ್ತಿ ಕೇಳಿಸಿಕೊಂಡ. "ಜನಪದ ಹಾಡು ಬರ್ಕೊಳ್ಳೋನು ಅಂತ ಹೇಳ್ಕೊಂಡು ಬಂದಿದ್ರಿ. ಹೆಸರೂ ಸುಳ್ಳು. ನಲವತ್ತು ವರ್ಷ ಬಸ್ಸಲ್ಲಿ, ಪೇಟೇಲಿ, ಯಾರ ದನಿ ಕೇಳಿದ್ರೂ ಇವನೇನಾ ಅಂತ ಕಿವಿ ಕೊಟ್ಟಿದೀನಿ. ಜೈಲಿಗೆ ಹೋದೋರು ಈ ದೇಶದಲ್ಲಿ ಎಷ್ಟೋ ಜನ. ಕಳಿಸಿದೋನು ನಾನು ಅಂತ ಬಾಯಿಬಿಟ್ಟು ಹೇಳಿದೋನು ಒಬ್ಬನೂ ಇಲ್ಲ. ನೀವು ಹೇಳಿದ್ರಿ. ಅಂಥೋನ ಮನೇಲಿ ನಾನು ಕಾಫಿ ಕುಡೀತೀನಿ, ಮಗನನ್ನೂ ಕೊಡ್ತೀನಿ. ಆದ್ರೆ ಈಗ ಅಲ್ಲ ಅಂದ್ರೆ ನೀವೂ ಎಲ್ಲರ ಥರಾನೇ. ನಾವು ಬಸ್ ಹತ್ತೀವಿ."

ತೋದ್ರಿ ಮಗಳನ್ನು ನೋಡಿದ. ಯೊನೀದಾ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಒಂದು ಕೈ ಪಾಷ್ಕ್‌ನ ಕೈಯಲ್ಲಿತ್ತು. ಇನ್ನೊಂದನ್ನು ಬಾಯಿಯ ಮೇಲೆ ಒತ್ತಿಕೊಂಡು, ಈ ಮನುಷ್ಯ ಯಾರು ಎಂಬಂತೆ ಅಪ್ಪನನ್ನು ನೋಡುತ್ತಿದ್ದಳು. ಪಾಷ್ಕ್‌ನ ಕೈಯನ್ನು ಮಾತ್ರ ಬಿಟ್ಟಿರಲಿಲ್ಲ.

"ನಾನೇ" ಎಂದ ತೋದ್ರಿ.

ಐದು ಗಂಟೆಗೆ ಮನೆ ತುಂಬಿತ್ತು. ಹೆಣ್ಣು ಗೊತ್ತುಮಾಡುವ ಕಾಫಿ ಎಂದರೆ ಕಟ್ಟಡವೇ ಬರುತ್ತದೆ. ಹೈರಿಯೆ ಫೈಲನ್ನು ತೊಡೆಯ ಮೇಲಿಟ್ಟುಕೊಂಡು ಬೆಳಗಿನ ಜಾಗದಲ್ಲೇ ಕೂತಿದ್ದಳು. ಸಾಬ್ರಿ ಎಲ್ಲರಿಗಿಂತ ಮೊದಲು ಬಂದು, ಅಡುಗೆಮನೆ ಸೇರಿ, ಸಣ್ಣ ಉರಿಯಲ್ಲಿ ಕಾಫಿ ಕಾಯಿಸುತ್ತಿದ್ದ. ಗಾಸ್ಪರ್ ಕೂರಲಿಲ್ಲ. ಕೋಲು ಊರಿ ನಿಂತು, ಇಲ್ಲಿರುವವರಿಗೆಲ್ಲ ಒಂದು ವಿಷಯ ತಿಳಿದಿರಲಿ ಎಂದ. ತನ್ನನ್ನು ಎಂಟು ವರ್ಷ ಒಳಗೆ ಕಳಿಸಿದ ಮನುಷ್ಯ ಈ ಮನೆಯ ಯಜಮಾನ, ಇವತ್ತು ತನ್ನ ಮುಂದೆ ಒಪ್ಪಿಕೊಂಡ, ತಾನು ಕ್ಷಮಿಸಿದ್ದೇನೆ ಎಂದ.

ಹೈರಿಯೆ ನಿಧಾನವಾಗಿ ತನ್ನ ಫೈಲನ್ನು ಎದೆಗವಚಿಕೊಂಡಳು. ಎವಾಂತಿ ಏನೋ ಹೇಳಲು ಬಾಯಿ ತೆರೆದಳು. ತೋದ್ರಿ ಕಣ್ಣಲ್ಲೇ ಬೇಡ ಎಂದ. ನಲವತ್ತು ವರ್ಷ ಅವನ ಪಕ್ಕದಲ್ಲಿ ಮಲಗಿದವಳು, ಅವನು ಎಂದೂ ಎಲ್ಲಿಗೂ ಹೋದವನಲ್ಲ ಎಂದು ಬಲ್ಲವಳು, ಬಾಯಿ ಮುಚ್ಚಿಕೊಂಡಳು. ಆದರೂ ಅವಳು ಕುರ್ಚಿಯನ್ನು ಒಂದಿಷ್ಟು ಆಚೆಗೆ ಎಳೆದುಕೊಂಡದ್ದು ತೋದ್ರಿಗೆ ಕಾಣಿಸಿತು.

ಗಾಸ್ಪರ್ ಕೂತ ಮೇಲೆ ಬಟ್ಟಲು ಎದುರಿಗೆ ಬಂತು. ಅವನು ಅದರ ಮೇಲೆ ಕೈ ಇಟ್ಟು ತಡೆದ.

"ಒಂದು ಮಾತು. ದನಿ ವಯಸ್ಸಿಗೆ ಬದಲಾಗುತ್ತೆ, ಒಪ್ತೀನಿ. ಆದ್ರೂ ನಿಮ್ಮ ದನಿ ನನ್ನ ಕಿವಿಗೆ ಕೂರ್ತಾ ಇಲ್ಲ. ದೊಡ್ಡಸ್ತಿಕೆಗೆ ಜೈಲಿಗೆ ಹೋಗಿದ್ದೆ ಅನ್ನೋರನ್ನ ಕಂಡಿದೀನಿ. ದೊಡ್ಡಸ್ತಿಕೆಗೆ ಇದನ್ನೂ ಹೇಳೋರು ಇರಬಹುದು. ತಪ್ಪು ಮಾಡಿದೋನ ಜೊತೆ ಸಂಬಂಧ ಮಾಡ್ತೀನಿ, ಸುಳ್ಳನ ಜೊತೆ ಮಾಡಲ್ಲ. ಅವತ್ತು ಕುಡಿಯೋಕೆ ಸುರಿದ ರಾಕಿ ಜೊತೆ ನನ್ನ ಹೆಂಡತಿ ನಿಮಗೆ ಏನು ಕೊಟ್ಲು? ಅದು ಟೇಪಲ್ಲಿಲ್ಲ."

ಗೊತ್ತಿಲ್ಲ ಎಂದುಬಿಟ್ಟರೆ ತೋದ್ರಿ ನಿರಪರಾಧಿ. ಗೊತ್ತಿಲ್ಲ ಎಂದುಬಿಟ್ಟರೆ ಮಗಳ ಮದುವೆ ಮುರಿಯಿತು. ಒಂದು ಗುಟುಕು ನೀರು ಕುಡಿದು ಬರುತ್ತೇನೆ ಎಂದು ಅವನು ಅಡುಗೆಮನೆಗೆ ಹೋದ.

ಅಲ್ಲಿ ಸಾಬ್ರಿ ಒಬ್ಬನೇ ಇದ್ದ. ತೋದ್ರಿ ಲೋಟ ಹಿಡಿದ ಕೂಡಲೇ ಅವನು ಕೊಳಾಯಿಯನ್ನು ಪೂರ್ತಿ ತಿರುಗಿಸಿದ. ನೀರು ಧೋ ಎಂದು ಬಿತ್ತು. ಗೋಡೆಗೆ ಕೇಳಬಾರದ ಮಾತಿದ್ದಾಗ ಹಿಂದೆ ಎಲ್ಲರೂ ಮಾಡುತ್ತಿದ್ದದ್ದು ಹಾಗೇ. ನೀರಿನ ಸದ್ದಿನೊಳಗೆ, ಅವನ ಕಿವಿಗೆ ಬಾಯಿ ತಾಗುವಷ್ಟು ಹತ್ತಿರ ಬಂದು, ಸಾಬ್ರಿ ಪಿಸುಗುಟ್ಟಿದ:

"ಎಳೇ ಅಂಜೂರದ ಪಾಕ. ಲವಂಗ ಹಾಕಿದ್ಲು. ಎರಡನೇ ಸಲ ಬಡಿಸೋಕೆ ಬಂದಾಗ ನಾನು ಬೇಡ ಅಂದೆ."

ಲೋಟ ತುಂಬಿ ನೀರು ತೋದ್ರಿಯ ಕೈಮೇಲೆ ಹರಿಯುತ್ತಿತ್ತು. ಅವನು ಸಾಬ್ರಿಯ ಮುಖ ನೋಡಿದ. ಎಂಟು ವರ್ಷ ದಿನಾ ಕಂಡ ಮುಖ; ಬೀಗ ರಿಪೇರಿ ಮಾಡಿದ ಕೈ. ಕೂಗಿಬಿಡಬೇಕು ಅನ್ನಿಸಿತು. ಆದರೆ ಬೆಳಿಗ್ಗೆಯಿಂದ ಎರಡು ಸಲ ತಾನೇ ಎಂದು ಹೇಳಿದವನು ಅವನು, ಒಂದು ಸಲ ಎದೆ ಮುಟ್ಟಿ. ಬಾಗಿಲಿನಾಚೆ ಯೊನೀದಾ ಕೂತಿದ್ದಳು. ಸಾಬ್ರಿ ಕೊಳಾಯಿ ನಿಲ್ಲಿಸಿ, ಬಟ್ಟೆ ತೆಗೆದುಕೊಂಡು, ತೋದ್ರಿಯ ಒದ್ದೆ ಕೈಯನ್ನು ತಾನೇ ಒರೆಸಿದ.

ತೋದ್ರಿ ಹೊರಗೆ ಬಂದು ಕೂತ. "ಎಳೇ ಅಂಜೂರದ ಪಾಕ" ಎಂದ. "ಲವಂಗ ಹಾಕಿದ್ರು. ಎರಡನೇ ಸಲ ಬಡಿಸೋಕೆ ಬಂದ್ರು, ಬೇಡ ಅಂದೆ."

ಗಾಸ್ಪರನ ಕುರುಡು ಕಣ್ಣುಗಳಲ್ಲಿ ನೀರು ತುಂಬಿತು. ಲವಂಗ ಬಹಳ ಕಷ್ಟಪಟ್ಟು ಸಂಪಾದಿಸಿದ್ದಳು, ಅತಿಥಿ ಬೇಡ ಅಂದದ್ದಕ್ಕೆ ರಾತ್ರಿಯೆಲ್ಲ ನೊಂದುಕೊಂಡಿದ್ದಳು, ಪುಣ್ಯಾತ್ಗಿತ್ತಿ ಎಂದ. ಬಟ್ಟಲೆತ್ತಿ ಕಾಫಿಯನ್ನು ಕೊನೆಯ ಗುಟುಕಿನವರೆಗೂ ಕುಡಿದ. ಮದುವೆ ದ್ರಾಕ್ಷಿ ಕೊಯ್ಲಿನ ಮೇಲೆ ಎಂದು ಗೊತ್ತಾಯಿತು. ಯೊನೀದಾ ಎದ್ದು ಬಂದು ಗಾಸ್ಪರನ ಕೈಗೆ ಮುತ್ತಿಟ್ಟಳು. ಅಪ್ಪನ ಕಡೆ ಬರಲಿಲ್ಲ.

ಕಟ್ಟಡದವರು ಒಬ್ಬೊಬ್ಬರಾಗಿ ಎದ್ದರು. ಎವಾಂತಿಗೆ, ಮಕ್ಕಳಿಗೆ ಶುಭ ಹೇಳಿ, ತೋದ್ರಿಯ ಕುರ್ಚಿಯನ್ನು ಸುತ್ತುಹಾಕಿ ಹೊರಗೆ ಹೋದರು. ಕೊನೆಗೆ ಉಳಿದವನು ಸಾಬ್ರಿ. ಅವನು ತನ್ನ ಬಟ್ಟಲು ತಂದು ತೋದ್ರಿಯ ಪಕ್ಕದಲ್ಲೇ ಕೂತು, ಅವನ ಮಂಡಿಯ ಮೇಲೆ ಕೈಯಿಟ್ಟ. ಮೆಟ್ಟಿಲಿನಿಂದ ಹೈರಿಯೆಯ ಮಾತು ಸ್ಪಷ್ಟವಾಗಿ ಕೇಳಿಸಿತು. ಎಂಥಾ ಮನುಷ್ಯನ ಪಕ್ಕ ಕೂತಿದ್ದಾನೆ ನೋಡಿ ಆ ಸಾಬ್ರಿ, ಅಂಥ ಮನಸ್ಸು ನಮ್ಮಲ್ಲಿ ಯಾರಿಗಿದೆ ಎಂದು ಅವಳು ಕೆಳಗಿನ ಮನೆಯವರಿಗೆ ಹೇಳುತ್ತ ಇಳಿದುಹೋದಳು.